ಸುರುಳಿಗೂದಲೂ ಶಾಲೆಯ ಶಿಸ್ತೂ

ಶುಚಿತ್ವವೂ ಶಿಸ್ತೂ ವಿದ್ಯಾರ್ಥಿಜೀವನದ ಎರಡು ಕಣ್ಣುಗಳೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆ ವಿಷಯದಲ್ಲಿ ನಮಗೆ ಯಾವ ತಕರಾರೂ ಇಲ್ಲ. ಆದರೆ ಶಿಸ್ತನ್ನು ಅಳೆಯುವ ಕೋಲು ಕೆಲವರಿಗೆ ಮಾತ್ರ ಹೊಂದುವಂತಿದ್ದು, ಅದರಿಂದಲೇ ಎಲ್ಲರನ್ನೂ ಅಳೆಯಹೊರಟರೆ ಅದು ನ್ಯಾಯವೆನಿಸೀತೇ ಎಂಬ ಪ್ರಶ್ನೆಯನ್ನು ಈ ಲೇಖನದಲ್ಲಿ ಎತ್ತಬಯಸುತ್ತೇವೆ. ನಾವು ಆರಿಸಿಕೊಂಡಿರುವ ವಿಷಯ ತಲೆಗೂದಲು. ಅದರಲ್ಲಿಯೂ ಬಿಗಿಯಾಗಿ ಸುರುಳಿ ಸುತ್ತಿಕೊಳ್ಳುವ ಕೂದಲು. ಸ್ನೇಹಸಮ್ಮೇಳನದ ಸಂಚಿಕೆಗೆ ದೇಶಭಕ್ತಿ, ಗ್ರಂಥಾಲಯ, ಸಮಯಪಾಲನೆ ಮುಂತಾದ ಘನವಾದ ವಿಷಯಗಳಿರುವಾಗ ಇದೆಂತಹ ಕ್ಷುಲ್ಲಕ ವಿಚಾರವೆಂದು ಕೆಲವರು ಮೂಗು ಮುರಿದಾರು. ಮುರಿಯಲಿ. ಪ್ರತಿದಿನ ಬೆಳಿಗ್ಗೆ ಕನ್ನಡಿಯ ಮುಂದೆ ಕಣ್ಣೀರು ಹಾಕಿ ಶಾಲೆಗೆ ಬರುವ ಮಗುವಿಗೆ ಅದು ಕ್ಷುಲ್ಲಕವಲ್ಲ.

ಪ್ರಾರ್ಥನೆಗೆ ಮುಂಚೆ ಉಗುರು, ಕರವಸ್ತ್ರ, ಕೂದಲುಗಳ ತಪಾಸಣೆ ನಡೆಯುವುದು ಅನೇಕ ಶಾಲೆಗಳ ಪರಿಪಾಠ. ಎಣ್ಣೆ ಹಚ್ಚಿ, ಬೈತಲೆ ತೆಗೆದು, ನೆತ್ತಿಗೆ ಅಂಟಿಕೊಳ್ಳುವಂತೆ ಬಾಚಿದ ಕೂದಲೇ ನೀಟಾದ ಕೂದಲೆಂಬುದು ಅಲ್ಲಿಯ ನಂಬಿಕೆ. ನೆಟ್ಟಗಿನ ಕೂದಲಿನವರು ಈ ಪರೀಕ್ಷೆಯಲ್ಲಿ ನಿರಾಯಾಸವಾಗಿ ತೇರ್ಗಡೆ ಹೊಂದುತ್ತಾರೆ. ಸುರುಳಿಗೂದಲಿನ ಹುಡುಗಿ ಮಾತ್ರ ಎಷ್ಟು ಬಾಚಿದರೂ ಅನುತ್ತೀರ್ಣಳೇ. “ನಾಳೆ ಚೆನ್ನಾಗಿ ಬಾಚಿಕೊಂಡು ಬಾ” ಎಂಬ ಅಪ್ಪಣೆಯನ್ನು ಕೇಳಿ ಮನೆಗೆ ಹೋದವಳು ಮರುದಿನ ಇನ್ನೂ ಬಿರುಸಾಗಿ ಬಾಚುತ್ತಾಳೆ. ಬಾಚಿದಷ್ಟೂ ಕೂದಲು ಮುರಿಯುತ್ತದೆ, ಮುರಿದಷ್ಟೂ ಕೆದರುತ್ತದೆ. ತರಗತಿಯಲ್ಲಿ ಅಡ್ಡಹೆಸರುಗಳು ಹುಟ್ಟಿಕೊಳ್ಳುವುದು ಆಮೇಲೆ. ಹಿಂದೆ ಕಾಗೆಗೂಡು ಎನ್ನುತ್ತಿದ್ದರು. ಈಚೆಗೆ ನೂಡಲ್ಸ್ ಎಂಬ ಬಿರುದೂ ಸೇರಿಕೊಂಡಿದೆ. ಕೊಡುವವರಿಗೆ ಇದು ವಿನೋದ. ಹೊರುವವರನ್ನು ಯಾರೂ ಕೇಳುವುದಿಲ್ಲ.

ನಮ್ಮ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಇಂತಹ ಕೂದಲಿಗೆ ಬೇಕಾದದ್ದು ನೀರಿನ ಪಸೆ. ಅದನ್ನು ಒದಗಿಸುವ ಬದಲು ಒಣಗಿದ ಕೂದಲನ್ನು ಬಾಚಣಿಗೆಯಿಂದ ದಂಡಿಸುವುದು ಶಿಸ್ತಿನ ಹೆಸರಿನಲ್ಲಿ ನಡೆಯುವ ಅಜ್ಞಾನವೇ ಸರಿ.

ಈ ಅಜ್ಞಾನಕ್ಕೆ ಕಾರಣವಿಲ್ಲದಿಲ್ಲ. ನಮ್ಮ ಮನೆಗಳಲ್ಲಿ ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಬಂದ ಕೇಶಸಂರಕ್ಷಣೆಯ ತಿಳಿವಳಿಕೆಯೆಲ್ಲ ಬಹುಮಟ್ಟಿಗೆ ನೆಟ್ಟಗಿನ ಅಥವಾ ಅಲೆಯಲೆಯಾದ ಕೂದಲಿಗೆ ಸಂಬಂಧಿಸಿದ್ದು. ಸುರುಳಿಗೂದಲಿನ ರಚನೆಯೇ ಬೇರೆ. ಚರ್ಮದೊಳಗೆ ಕೂದಲು ಹುಟ್ಟುವ ಕುಳಿ ನೇರವಾಗಿರದೆ ಬಾಗಿರುತ್ತದೆ. ಕೂದಲಿನ ಎಳೆಯನ್ನು ಅಡ್ಡಲಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೆಟ್ಟಗಿನ ಕೂದಲು ಹೆಚ್ಚು ಕಡಿಮೆ ದುಂಡಗೆ ಕಾಣಿಸುತ್ತದೆ. ಬಿಗಿಯಾದ ಸುರುಳಿಯ ಕೂದಲು ಚಪ್ಪಟೆಯಾದ ಅಂಡಾಕಾರದಲ್ಲಿರುತ್ತದೆ. ನೆತ್ತಿಯ ಚರ್ಮದಲ್ಲಿ ಸ್ವಾಭಾವಿಕವಾದ ಜಿಡ್ಡೊಂದು ಒಸರುತ್ತದಷ್ಟೆ. ನೆಟ್ಟಗಿನ ಕೂದಲಿನಲ್ಲಿ ಅದು ಸಲೀಸಾಗಿ ಬುಡದಿಂದ ತುದಿಗೆ ಹರಿಯುತ್ತದೆ. ಸುರುಳಿಯಲ್ಲಿ ಅದಕ್ಕೆ ಘಟ್ಟದ ರಸ್ತೆ ಹತ್ತಿಳಿದಂತೆ ಸುತ್ತು ಸುತ್ತಾದ ಪ್ರಯಾಣ. ಆದುದರಿಂದ ಬುಡದಲ್ಲಿ ಜಿಡ್ಡಿದ್ದರೂ ತುದಿ ಒಣಗಿಯೇ ಇರುತ್ತದೆ. ಅಲ್ಲದೆ ಎಳೆ ತಿರುಚಿಕೊಂಡಿರುವ ಪ್ರತಿಯೊಂದು ತಿರುವೂ ದುರ್ಬಲವಾದ ಸ್ಥಳ. ಒಣಗಿದಾಗ ಬಾಚಣಿಗೆಯ ಹಲ್ಲು ಅಲ್ಲಿ ಸಿಕ್ಕಿಕೊಂಡರೆ ಎಳೆ ಅಲ್ಲಿಯೇ ತುಂಡಾಗುತ್ತದೆ.

“ಇವಳ ಕೂದಲು ಬೆಳೆಯುವುದೇ ಇಲ್ಲ” ಎಂಬ ಮಾತು ಬಂದದ್ದೂ ಹೀಗೆಯೇ. ಕೂದಲು ಬೆಳೆಯುತ್ತದೆ. ಸಾಮಾನ್ಯವಾಗಿ ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಬಿಗಿ ಸುರುಳಿಯ ಕೂದಲು ಅದಕ್ಕಿಂತ ತುಸು ಕಡಿಮೆ ಬೆಳೆದೀತು. ಆದರೆ ಬುಡದಲ್ಲಿ ಬೆಳೆದಷ್ಟೇ ತುದಿಯಲ್ಲಿ ಮುರಿಯುತ್ತಿದ್ದರೆ ಉದ್ದ ಹೆಚ್ಚುವುದೆಂತು? ಇನ್ನೊಂದು ಮಾತು: ಎಳೆದು ಹಿಡಿದರೆ ಭುಜವನ್ನು ಮುಟ್ಟುವ ಸುರುಳಿ, ಕೈಬಿಟ್ಟೊಡನೆ ಕಿವಿಯ ಹತ್ತಿರಕ್ಕೆ ಸೇರಿಬಿಡುತ್ತದೆ. ನೋಡುವವರು ಗಿಡ್ಡ ಕೂದಲೆಂದೇ ಎಣಿಸುತ್ತಾರೆ.

ಬಿಗಿ ಸುರುಳಿಯ ಕೂದಲು ಹೆಚ್ಚಾಗಿ ಕಾಣಬರುವುದು ಆಫ್ರಿಕದಲ್ಲಿ, ಮತ್ತು ಅಲ್ಲಿಂದ ಬೇರೆ ಬೇರೆ ಖಂಡಗಳಿಗೆ ಹೋದ, ಅಥವಾ ಒಯ್ಯಲ್ಪಟ್ಟ, ಜನರ ಸಂತತಿಯಲ್ಲಿ. ಇದು ನಮಗೆ ದೂರದ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. ಈ ಸಂಚಿಕೆಯನ್ನು ಓದುವ ಮುಂಬಯಿಯ ಕನ್ನಡ ಮಕ್ಕಳಲ್ಲಿ ಅಂಕೋಲಾ, ಕಾರವಾರ, ಶಿರಸಿಗಳ ಕಡೆಯಿಂದ ಬಂದ ಮನೆತನದವರು ಇದ್ದೇ ಇದ್ದೀರಿ. ನಿಮ್ಮ ಅದೇ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಿನಂಚಿನಲ್ಲಿ ಸಿದ್ದಿಗಳು ವಾಸಿಸುತ್ತಾರೆ. ಪೋರ್ತುಗೀಜರು ಗುಲಾಮರನ್ನಾಗಿ ಗೋವೆಗೆ ತಂದ ಪೂರ್ವ ಆಫ್ರಿಕದ ಜನರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ವಂಶದವರು ಇವರು. ಕನ್ನಡ, ಕೊಂಕಣಿಗಳು ಇವರ ಮನೆಮಾತುಗಳು. ಇವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. 2003 ರಲ್ಲಿ ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020 ರಲ್ಲಿ ಶಾಂತಾರಾಮ ಸಿದ್ದಿಯವರು ಕರ್ನಾಟಕದ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಮುಂಬಯಿಯಿಂದ ದಕ್ಷಿಣಕ್ಕೆ ಸಮುದ್ರದ ನಡುವೆ ನಿಂತಿರುವ ಜಂಜಿರಾ ಕೋಟೆಯನ್ನು ಪ್ರವಾಸದಲ್ಲಿ ನೋಡಿ ಬಂದವರಿಗೆ, ಅಲ್ಲಿ 1948 ರ ತನಕ ಆಳಿದವರೂ ಸಿದ್ದಿಗಳೇ ಎಂಬುದು ನೆನಪಿರಬಹುದು. ಹೀಗಿರಲಾಗಿ ಸುರುಳಿಗೂದಲು ಕನ್ನಡ ನಾಡಿನ ತಲೆಯ ಮೇಲೂ ಇದೆ. ಸಿದ್ದಿಗಳಲ್ಲದ ಮನೆಗಳಲ್ಲಿಯೂ, ಇಷ್ಟು ಬಿಗಿಯಲ್ಲದಿದ್ದರೂ ಗುಂಗುರಾದ, ಬೇಗ ಒಣಗುವ ಕೂದಲಿನ ಮಕ್ಕಳು ಹುಟ್ಟುತ್ತಾರೆ.

ವಿಚಿತ್ರವೇನೆಂದರೆ, ನಮ್ಮ ಭಾಷೆಗೂ ಶಿಲ್ಪಕ್ಕೂ ಸುರುಳಿಗೂದಲು ಎಂದೂ ಹಾಸ್ಯಾಸ್ಪದವಾಗಿರಲಿಲ್ಲ. ಕುರುಳು, ಮುಂಗುರುಳು ಎಂಬ ಶಬ್ದಗಳನ್ನು ಕವಿಗಳು ಎಷ್ಟು ಪ್ರೀತಿಯಿಂದ ಬಳಸಿದ್ದಾರೆಂಬುದು ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯನು ಕಡೆಯಿಸಿದ ಶ್ರವಣಬೆಳಗೊಳದ ಗೊಮ್ಮಟಮೂರ್ತಿಯ ಚಿತ್ರವನ್ನು ನಿಮ್ಮ ಪಠ್ಯಪುಸ್ತಕದಲ್ಲಿ ತೆಗೆದು ನೋಡಿರಿ. ತಲೆಯ ತುಂಬ ಸಾಲು ಸಾಲಾಗಿ ಚಿಕ್ಕ ಚಿಕ್ಕ ಸುರುಳಿಗಳು. ಆ ಸುರುಳಿಗಳ ಮೇಲೆ ಹಾಲಿನ ಕೊಡಗಳನ್ನು ಸುರಿಯುವುದನ್ನು ನೋಡಲು ಲಕ್ಷಾಂತರ ಜನ ಬೆಟ್ಟದ ಬುಡದಲ್ಲಿ ನೆರೆಯುತ್ತಾರೆ. ಅದೇ ಬಗೆಯ ಕೂದಲು ಪಕ್ಕದ ಬೆಂಚಿನಲ್ಲಿ ಕುಳಿತ ಗೆಳತಿಯ ತಲೆಯ ಮೇಲಿದ್ದರೆ ಕಾಗೆಗೂಡಾಗುವುದು ಹೇಗೆಂದು ನಮಗೆ ತಿಳಿಯದು.

ಇನ್ನು ಉಪಾಯದ ಮಾತು. ಎಲ್ಲಕ್ಕೂ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಎಣ್ಣೆ ಬೇರೆ, ಪಸೆ ಬೇರೆ. ಎಣ್ಣೆಯಲ್ಲಿ ನೀರಿನ ಅಂಶವಿಲ್ಲ. ಕೂದಲಿನಲ್ಲಿರುವ ನೀರು ಬೇಗ ಆರಿಹೋಗದಂತೆ ಅದು ತಡೆಯುತ್ತದೆ. ಎಳೆ ಎಳೆಗೆ ತಿಕ್ಕಾಟವಾಗದಂತೆ ನುಣುಪು ಕೊಡುತ್ತದೆ. ನೀರೇ ಇಲ್ಲದ ಒಣಗೂದಲಿಗೆ ಎಣ್ಣೆ ಬಳಿದರೆ ಬರಿದಾದ ಕೊಡಕ್ಕೆ ಭದ್ರವಾಗಿ ಮುಚ್ಚಳ ಹಾಕಿದಂತಾಗುತ್ತದೆ. ಆದ್ದರಿಂದ ಮೊದಲು ನೀರು, ಆಮೇಲೆ ಎಣ್ಣೆ. ಕೂದಲನ್ನು ಒದ್ದೆ ಮಾಡಿ, ನೀರು ತೊಟ್ಟಿಕ್ಕುವುದು ನಿಂತ ಮೇಲೆ, ಇನ್ನೂ ಹಸಿಯಾಗಿರುವಾಗಲೇ ಅಂಗೈಯಲ್ಲಿ ನಾಲ್ಕಾರು ಹನಿ ತೆಂಗಿನೆಣ್ಣೆಯನ್ನು ತಿಕ್ಕಿಕೊಂಡು ತುದಿಯಿಂದ ಮೇಲಕ್ಕೆ ಸವರಬೇಕು. ನೆತ್ತಿಗೆ ಸುರಿಯುವುದು ಬೇಡ. ತಲೆಹೊಟ್ಟು ಇದ್ದವರಿಗಂತೂ ನೆತ್ತಿಯ ಎಣ್ಣೆ ಅದನ್ನು ಹೆಚ್ಚಿಸುತ್ತದೆ.

ತೆಂಗಿನೆಣ್ಣೆಯ ಹೆಸರನ್ನು ಕರಾವಳಿಯ ಅಭಿಮಾನದಿಂದ ಎತ್ತಿದೆವೆಂದು ಯಾರಾದರೂ ಎಂದಾರು. ಅಭಿಮಾನ ಇರುವುದೂ ನಿಜ. ಆದರೆ 2003 ರಲ್ಲಿ ಇದೇ ಮುಂಬಯಿಯ ಒಂದು ಉದ್ಯಮದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಈ ಮೂರನ್ನೂ ಕೂದಲಿನ ಮೇಲೆ ಪರೀಕ್ಷಿಸಿ ಪ್ರಕಟಿಸಿದರು. ತೊಳೆಯುವ ಮುಂಚೆ ಹಚ್ಚಿದರೂ ತೊಳೆದ ಮೇಲೆ ಹಚ್ಚಿದರೂ ಕೂದಲಿನ ಪ್ರೋಟೀನು ನಷ್ಟವಾಗುವುದನ್ನು ಗಣನೀಯವಾಗಿ ಕಡಿಮೆ ಮಾಡಿದ್ದು ತೆಂಗಿನೆಣ್ಣೆಯೊಂದೇ. ಅದರಲ್ಲಿರುವ ಲಾರಿಕ್ ಆಮ್ಲದ ಕಣಗಳು ಚಿಕ್ಕವಾಗಿಯೂ ನೇರವಾಗಿಯೂ ಇರುವುದರಿಂದ ಎಳೆಯ ಒಳಗೆ ಇಳಿಯಬಲ್ಲವೆಂದು ಅವರು ಕಾರಣ ಕೊಟ್ಟರು. ಆಫ್ರಿಕದ ಪಶ್ಚಿಮ ಭಾಗದ ಸ್ತ್ರೀಯರು ಇದೇ ಕೆಲಸಕ್ಕೆ ಶಿಯಾ ಮರದ ಬೀಜದಿಂದ ತೆಗೆದ ಬೆಣ್ಣೆಯನ್ನು ಬಳಸುತ್ತ ಬಂದಿದ್ದಾರೆ. ಒಣಹವೆಯ ನಮೀಬಿಯದಲ್ಲಿ ಹಿಂಬಾ ಸ್ತ್ರೀಯರು ಬೆಣ್ಣೆಗೆ ಕೆಮ್ಮಣ್ಣಿನ ಪುಡಿ ಕಲಸಿ ಜಡೆಗಳಿಗೆ ಲೇಪಿಸುತ್ತಾರೆ. ಹವೆಗೆ ತಕ್ಕ ಉಪಾಯ ಆಯಾ ನೆಲದಲ್ಲಿಯೇ ಹುಟ್ಟುತ್ತದೆ.

ಬಾಚುವ ವಿಷಯದಲ್ಲಿ ಸುರುಳಿಗೂದಲಿನ ನಿಯಮ ನೆಟ್ಟಗೂದಲಿನ ನಿಯಮಕ್ಕೆ ತೀರ ವಿರುದ್ಧ. ನೆಟ್ಟಗಿನ ಕೂದಲನ್ನು ಒದ್ದೆಯಾಗಿರುವಾಗ ಬಾಚಬಾರದು, ಆರಿದ ಮೇಲೆ ಬಾಚಬೇಕು. ಸುರುಳಿಗೂದಲನ್ನು ಒಣಗಿದಾಗ ಬಾಚಬಾರದು, ಹಸಿಯಾಗಿರುವಾಗಲೇ ಬಾಚಬೇಕು. ಮೊದಲು ಬೆರಳುಗಳಿಂದ ಸಿಕ್ಕು ಬಿಡಿಸಿ, ಆಮೇಲೆ ಅಗಲವಾದ ಹಲ್ಲಿನ ಬಾಚಣಿಗೆಯಿಂದ ತುದಿಯಲ್ಲಿ ಪ್ರಾರಂಭಿಸಿ ಸ್ವಲ್ಪ ಸ್ವಲ್ಪವಾಗಿ ಬುಡದ ಕಡೆಗೆ ಹೋಗಬೇಕು. ಬುಡದಿಂದ ಎಳೆದರೆ ದಾರಿಯ ಸಿಕ್ಕುಗಳೆಲ್ಲ ಕೆಳಗೆ ಹೋಗಿ ಒಂದೇ ಗಂಟಾಗುತ್ತವೆ. ಹೇನು ತೆಗೆಯುವ ಸೀರಣಿಗೆಯನ್ನು ನಿತ್ಯದ ಬಾಚಣಿಗೆಯಾಗಿ ಬಳಸುವ ಮನೆಗಳನ್ನು ನಾವು ನೋಡಿದ್ದೇವೆ. ಇಂತಹ ಕೂದಲಿಗೆ ಅದು ಕತ್ತರಿಗಿಂತ ಕಡಿಮೆಯೇನಲ್ಲ. ಉದ್ದವಾದ, ದೂರ ದೂರದ ಹಲ್ಲುಗಳುಳ್ಳ ಬಾಚಣಿಗೆಗಳು ಈಜಿಪ್ಟಿನ ಪುರಾತನ ಗೋರಿಗಳಲ್ಲಿ ದೊರೆತಿವೆ. ಕೆಲವು 5000 ವರ್ಷಗಳಿಗೂ ಹಿಂದಿನವು. ಅಷ್ಟು ಹಿಂದೆಯೇ ತಿಳಿದಿದ್ದ ವಿಷಯ ನಮ್ಮ ತಪಾಸಣೆಯ ಸಾಲಿಗೆ ಇನ್ನೂ ತಲುಪಿಲ್ಲ.

ತಲೆ ತೊಳೆಯುವುದು ವಾರಕ್ಕೊಮ್ಮೆಯಾದರೆ ಸಾಕು. ದಿನವೂ ಸಾಬೂನು, ಶಾಂಪೂ ಹಾಕಿದರೆ ಇದ್ದ ಜಿಡ್ಡೂ ಹೋಗುತ್ತದೆ. ಮುಂಬಯಿಯ ಬೆವರಿನಲ್ಲಿ ಇದೆಂತು ಸಾಧ್ಯವೆಂದು ಕೇಳುವಿರಾದರೆ, ನಡುವಿನ ದಿನಗಳಲ್ಲಿ ಬರಿಯ ನೀರಿನಿಂದ ತೊಳೆದುಕೊಳ್ಳಬಹುದು. ಸೀಗೆಕಾಯಿಯೂ ಅಂಟುವಾಳವೂ ನಮ್ಮವೆಂಬ ಕಾರಣಕ್ಕೆ ನಿರಪಾಯವೆಂದು ಭಾವಿಸಬಾರದು. ಅವೂ ನೊರೆ ಬಂದು ಜಿಡ್ಡು ತೆಗೆಯುವ ವಸ್ತುಗಳೇ. ತೊಳೆದ ಮೇಲೆ ಕೂದಲನ್ನು ಮೃದುಗೊಳಿಸುವ ಕಂಡಿಷನರ್ ಎಂಬ ಲೇಪ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಕೊಳ್ಳಲಾಗದವರು ಕೊರಗಬೇಕಾಗಿಲ್ಲ. ದಾಸವಾಳದ ಎಲೆಗಳನ್ನು ನೀರಿನಲ್ಲಿ ಕಿವುಚಿದರೆ ಬರುವ ಲೋಳೆ ಸಿಕ್ಕು ಬಿಡಿಸಲು ಬಲು ಅನುಕೂಲ. ಊರಿನಿಂದ ಬಂದ ಅಜ್ಜಿಯರನ್ನು ಕೇಳಿ ನೋಡಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಚಟ್ನಿಪುಡಿಗೆಂದು ಇಟ್ಟಿರುವ ಅಗಸೆಯೂ ಆದೀತು. ಒಂದು ಹಿಡಿ ಅಗಸೆಯನ್ನು ಎರಡು ಲೋಟ ನೀರಿನಲ್ಲಿ ಕುದಿಸಿ, ಲೋಳೆ ಬಿಟ್ಟೊಡನೆ ಬಿಸಿಯಿರುವಾಗಲೇ ತೆಳುವಾದ ಬಟ್ಟೆಯಲ್ಲಿ ಸೋಸಬೇಕು. ಆರಿದ ಮೇಲೆ ಸೋಸಹೋದವರಿಗೆ ಅದರ ಕಷ್ಟ ಗೊತ್ತಾಗುತ್ತದೆ! ಬಿಸಿಯ ಕೆಲಸವಾದ್ದರಿಂದ ಚಿಕ್ಕ ತರಗತಿಯವರು ಇದನ್ನು ತಾಯಿಯ ಕೈಯಿಂದಲೇ ಮಾಡಿಸಿಕೊಳ್ಳತಕ್ಕದ್ದು. ಈ ಲೋಳೆ ಹೆಚ್ಚು ದಿನ ಇಟ್ಟರೆ ಕೆಡುತ್ತದೆ. ರಾತ್ರಿ ಮಲಗುವಾಗ ಹತ್ತಿಯ ದಿಂಬು ಕೂದಲಿನ ಪಸೆಯನ್ನು ಹೀರಿಕೊಂಡು, ಹೊರಳಿದಾಗಲೆಲ್ಲ ಎಳೆಗಳನ್ನು ಉಜ್ಜುತ್ತದೆ. ತಾಯಿಯ ಹಳೆಯ ರೇಷ್ಮೆ ಸೀರೆಯ ತುಂಡೊಂದನ್ನು ದಿಂಬಿಗೆ ಹೊದಿಸಿದರೆ ಅಥವಾ ತಲೆಗೆ ಸಡಿಲವಾಗಿ ಕಟ್ಟಿಕೊಂಡರೆ ಬೆಳಿಗ್ಗೆ ಅರ್ಧ ಕೆಲಸ ಉಳಿಯುತ್ತದೆ.

ಇಷ್ಟೆಲ್ಲ ರಗಳೆ ಏಕೆ, ಪಾರ್ಲರಿಗೆ ಹೋಗಿ ನೆಟ್ಟಗೆ ಮಾಡಿಸಿಕೊಂಡುಬಿಟ್ಟರಾಯಿತಲ್ಲ ಎಂಬ ಮಾತು ನಗರದಲ್ಲಿ ದಿನೇ ದಿನೇ ಹೆಚ್ಚುತ್ತಿದೆ. ಅದರ ಬಗ್ಗೆ ನಮ್ಮ ಎಚ್ಚರಿಕೆ ತುಸು ಕಟುವಾಗಿಯೇ ಇದೆ. ಕೂದಲನ್ನು ಸದಾ ನೆಟ್ಟಗಿರಿಸುವ ಕೆಲವು ಲೇಪಗಳಲ್ಲಿರುವುದು ಸೋಡಿಯಂ ಹೈಡ್ರಾಕ್ಸೈಡ್ ಎಂಬ ತೀಕ್ಷ್ಣ ಕ್ಷಾರ. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಅದನ್ನು ಮುಟ್ಟಬೇಡಿರೆಂದು ನಿಮಗೆ ಎಚ್ಚರಿಕೆ ಕೊಟ್ಟಿರುತ್ತಾರೆ. ನೆತ್ತಿಗೆ ತಗುಲಿದರೆ ಸುಡುತ್ತದೆ. ಅಮೇರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 33,497 ಮಹಿಳೆಯರನ್ನು ಸುಮಾರು 11 ವರ್ಷಗಳ ಕಾಲ ಗಮನಿಸಿ 2022 ರಲ್ಲಿ ಒಂದು ವರದಿ ಪ್ರಕಟಿಸಿದರು. ಕೂದಲನ್ನು ನೆಟ್ಟಗಾಗಿಸುವ ರಾಸಾಯನಿಕಗಳನ್ನು ಎಂದೂ ಬಳಸದವರಲ್ಲಿ 70 ವರ್ಷ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ನೂರಕ್ಕೆ 1.64 ಇದ್ದರೆ, ಪದೇ ಪದೇ ಬಳಸುವವರಲ್ಲಿ ಅದು 4.05 ಎಂದು ಅವರು ಅಂದಾಜು ಮಾಡಿದರು. ರಾಸಾಯನಿಕವೇ ರೋಗಕ್ಕೆ ಕಾರಣವೆಂದು ಇಷ್ಟರಿಂದಲೇ ಸಿದ್ಧವಾಗುವುದಿಲ್ಲವೆಂಬುದು ದಿಟ. ಆದರೂ ತಪಾಸಣೆಯಲ್ಲಿ ಪಾಸಾಗುವುದಕ್ಕೋಸ್ಕರ ಮಕ್ಕಳು ಇಂತಹ ಅಪಾಯಕ್ಕೆ ತಲೆಯೊಡ್ಡಬೇಕೆ?

ಕೂದಲಿನ ಮೇಲಿನ ಅಧಿಕಾರಕ್ಕೆ ಒಂದು ಇತಿಹಾಸವೇ ಉಂಟು. 1786 ರಲ್ಲಿ, ಆಗ ಸ್ಪೇನಿನ ಆಡಳಿತದಲ್ಲಿದ್ದ ಅಮೇರಿಕದ ಲೂಯಿಸಿಯಾನದಲ್ಲಿ, ಆಫ್ರಿಕ ಮೂಲದ ಸ್ತ್ರೀಯರು ತಮ್ಮ ಕೂದಲನ್ನು ವಸ್ತ್ರದಿಂದ ಮುಚ್ಚಿಕೊಳ್ಳಬೇಕೆಂದು ಅಲ್ಲಿನ ರಾಜ್ಯಪಾಲನು ಆಜ್ಞೆ ಹೊರಡಿಸಿದನು. ಆ ಸ್ತ್ರೀಯರು ಬಣ್ಣಬಣ್ಣದ ವಸ್ತ್ರಗಳನ್ನು ಅಂದವಾಗಿ ಸುತ್ತಿಕೊಂಡು ಆಜ್ಞೆಯನ್ನೇ ಅಲಂಕಾರವಾಗಿ ಮಾಡಿಕೊಂಡರು. 2019 ರಲ್ಲಿ ಅದೇ ದೇಶದ ಕ್ಯಾಲಿಫೋರ್ನಿಯ ರಾಜ್ಯವು ಕೂದಲಿನ ಸ್ವಾಭಾವಿಕ ರೂಪದ ಕಾರಣ ಶಾಲೆಯಲ್ಲಾಗಲಿ ಉದ್ಯೋಗದಲ್ಲಾಗಲಿ ಭೇದಭಾವ ಮಾಡಕೂಡದೆಂದು ಕಾನೂನು ಮಾಡಿತು. ಇವೆರಡರ ನಡುವೆ 233 ವರ್ಷಗಳು.

ಆದರೆ ನಮಗೆ ಹೆಚ್ಚು ಹತ್ತಿರವೆನಿಸುವುದು ದಕ್ಷಿಣ ಆಫ್ರಿಕದ ವಿದ್ಯಾರ್ಥಿನಿಯರ ಸಂಗತಿ. ಪ್ರಿಟೋರಿಯದ ಬಾಲಿಕೆಯರ ಪ್ರೌಢಶಾಲೆಯೊಂದು ವರ್ಣಭೇದದ ಕಾಲದಲ್ಲಿ ಬಿಳಿಯರಿಗೆ ಮಾತ್ರ ಮೀಸಲಾಗಿತ್ತು. ಕಾಲ ಬದಲಾಗಿ ಕರಿಯ ಹುಡುಗಿಯರಿಗೆ ಬಾಗಿಲು ತೆರೆಯಿತು. ಕೂದಲಿನ ನಿಯಮಗಳು ಮಾತ್ರ ಅವರ ತಲೆಗೆ ಹೊಂದುವಂತಿರಲಿಲ್ಲ. 2016 ರ ಆಗಸ್ಟ್ ತಿಂಗಳಲ್ಲಿ ಹುಡುಗಿಯರು ಪ್ರತಿಭಟನೆಗೆ ನಿಂತರು. ತಮ್ಮ ಕೂದಲನ್ನು ನೆಟ್ಟಗೆ ಮಾಡಿಸಿಕೊಳ್ಳುವಂತೆ ಹೇಳುತ್ತಾರೆಂಬುದು ಅವರ ದೂರು. ಅಷ್ಟೇ ಅಲ್ಲ, ತಮ್ಮ ತಮ್ಮೊಳಗೆ ತಾಯ್ನುಡಿಯಲ್ಲಿ ಮಾತನಾಡಿದರೂ ಗದರಿಸುತ್ತಾರೆಂಬುದೂ ಅದೇ ದೂರಿನಲ್ಲಿ ಸೇರಿತ್ತು. ಪ್ರಾಂತದ ಶಿಕ್ಷಣ ಮಂತ್ರಿಯು ಶಾಲೆಗೆ ಬಂದು ಅವರ ಮಾತುಗಳನ್ನು ಕೇಳಿದ ಮೇಲೆ ಕೂದಲಿನ ನಿಯಮವನ್ನು ತಡೆಹಿಡಿಯಲಾಯಿತು. ಈ ಮಹಾನಗರದಲ್ಲಿ ಕನ್ನಡದಲ್ಲಿ ಕಲಿಯುತ್ತ, ರೈಲಿನಲ್ಲಿಯೂ ಆಟದ ಮೈದಾನದಲ್ಲಿಯೂ ಕನ್ನಡದಲ್ಲಿ ಮಾತನಾಡಿದ್ದಕ್ಕೆ ನಗೆಯನ್ನು ಎದುರಿಸಿದ ನಮ್ಮ ವಿದ್ಯಾರ್ಥಿಗಳಿಗೆ ಆ ಹುಡುಗಿಯರ ನೋವನ್ನು ವಿವರಿಸಿ ಹೇಳಬೇಕಾಗಿಲ್ಲ. ಹಾಗಿದ್ದೂ ಅದೇ ವಿದ್ಯಾರ್ಥಿಗಳು ಸುರುಳಿಗೂದಲಿನ ಸಹಪಾಠಿಗೆ ಅಡ್ಡಹೆಸರಿಡುವುದನ್ನು ಕಂಡಾಗ ನಮಗೆ ಬೇಸರವಾಗುತ್ತದೆ.

ನಿಯಮವೇ ಬೇಡವೆಂದು ನಾವು ಹೇಳುತ್ತಿಲ್ಲ. ಹೇನು ಹರಡದಂತೆ ನೋಡಿಕೊಳ್ಳುವುದು, ಕೂದಲು ಕಣ್ಣಿಗೆ ಬೀಳದಂತೆ ಕಟ್ಟಿಕೊಳ್ಳುವುದು, ತಲೆ ಶುಚಿಯಾಗಿರುವುದು ಇವು ಯಾವ ಕೂದಲಿನವರಿಗೂ ಅವಶ್ಯ. ಸಮವಸ್ತ್ರದಂತೆ ಕೂದಲೂ ಸಮನಾಗಿದ್ದರೆ ಬಡವ ಬಲ್ಲಿದರೆಂಬ ಭೇದ ಕಾಣುವುದಿಲ್ಲವೆಂದು ಕೆಲವು ಶಿಕ್ಷಕರು ವಾದಿಸುತ್ತಾರೆ. ಈ ವಾದದಲ್ಲಿ ಸದುದ್ದೇಶವಿದೆ. ಆದರೆ ಸಮವಸ್ತ್ರವನ್ನು ಸಹ ಪ್ರತಿಯೊಬ್ಬರ ಅಳತೆಗೆ ತಕ್ಕಂತೆಯೇ ಹೊಲಿಸುತ್ತಾರಲ್ಲವೆ? ಹುಡುಗಿಯರು ಎರಡು ಜಡೆ ಹಾಕಿ ರಿಬ್ಬನ್ನಿನಿಂದ ಮಡಿಸಿ ಕಟ್ಟಬೇಕೆಂಬ ನಿಯಮವನ್ನು ಉದಾಹರಣೆಗೆ ತೆಗೆದುಕೊಳ್ಳಿರಿ. ಸುರುಳಿಗೂದಲನ್ನು ಹಾಗೆ ಕಟ್ಟಬೇಕಾದರೆ ಬಲವಾಗಿ ಎಳೆಯಲೇಬೇಕು. ವರ್ಷಗಟ್ಟಲೆ ಎಳೆದರೆ ಹಣೆಯಂಚಿನ, ಕಿವಿಯ ಮೇಲ್ಭಾಗದ ಕೂದಲು ಉದುರಿ, ಕೆಲವರಲ್ಲಿ ಮತ್ತೆ ಬಾರದೆಯೇ ಹೋಗುತ್ತದೆ. ಅಂತಹವರಿಗೆ ಒಂದೇ ಸಡಿಲವಾದ ಜಡೆಯನ್ನೋ ತುರುಬನ್ನೋ ಅನುಮತಿಸಿದರೆ ಶಾಲೆಯ ಕೀರ್ತಿಗೆ ಯಾವ ಕುಂದೂ ಬರಲಾರದು.

ಬರುವ ಜೂನಿನಲ್ಲಿ ಶಾಲೆ ತೆರೆಯುವಾಗ ಮುಂಬಯಿಯ ಮಳೆಯೂ ಬಂದಿರುತ್ತದೆ. ಹವೆಯಲ್ಲಿರುವ ತೇವವನ್ನು ಕುಡಿದು ಸುರುಳಿಗೂದಲು ಉಬ್ಬುವ ಕಾಲ ಅದು. ಬೆಳಿಗ್ಗೆ ಎಷ್ಟೇ ಅಂದವಾಗಿ ಕಟ್ಟಿಕೊಂಡು ಹೊರಟರೂ ಶಾಲೆ ಮುಟ್ಟುವಷ್ಟರಲ್ಲಿ ಕೆದರಿರುತ್ತದೆ. ವರ್ಷಾರಂಭದಲ್ಲಿ ಪಾಲಕರಿಗೆ ಕಳಿಸುವ ನಿಯಮಗಳ ಹಾಳೆಯಲ್ಲಿ “ಎಣ್ಣೆ ಹಚ್ಚಿ ಒತ್ತಿ ಬಾಚಿದ ಕೂದಲು” ಎಂದಿರುವ ಕಡೆ “ಶುಚಿಯಾಗಿ ಕಟ್ಟಿದ ಕೂದಲು” ಎಂದು ಬರೆಯಬೇಕೆಂದು ನಾವು ಮುಖ್ಯಾಧ್ಯಾಪಕರಲ್ಲಿ ವಿನಂತಿಸುತ್ತೇವೆ. ಹಾಳೆಗಳು ಮೇ ತಿಂಗಳಲ್ಲಿ ಅಚ್ಚಾಗುತ್ತವೆ. ಆದುದರಿಂದ ಇನ್ನೂ ಅವಕಾಶವಿದೆ.